ಆಗಾಗ ಮಾತ್ರ ಬಿಸಿಯೇರುವ ಎಂಜಿನ್: ಪೆರ್ಲದ ಕಾರೊಂದರ ಪ್ರಕರಣ

ಕಾರು 2014ರದು. 1.2 ಲೀಟರಿನ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಓಡಿದ್ದು ಎಂಬತ್ತು ಸಾವಿರ ಕಿಲೋಮೀಟರಿನ ಮೇಲೆ. ಒಡೆಯರು ಪೆರ್ಲದಿಂದ ಒಳಕ್ಕೆ ಹೋದರೆ ಸಿಗುವ ಊರಿನವರು. ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದು, ನಿವೃತ್ತರಾದ ಮೇಲೆ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಗ್ಯಾರೇಜಿಗೆ ಬಂದಾಗ ಅವರು ಹೇಳಿದ ದೂರು ಇಷ್ಟೆ: “ಕೆಲವೊಮ್ಮೆ ಎಂಜಿನ್ ಬಿಸಿಯಾಗುತ್ತದೆ. ಕೆಲವೊಮ್ಮೆ ಏನೂ ಇಲ್ಲ.”

ನಮ್ಮಲ್ಲಿಗೆ ಬರುವ ಮೊದಲು ಕಾರು ಮೂರು ಕಡೆ ಹೋಗಿ ಬಂದಿತ್ತು. ಬಿಲ್ಲುಗಳನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿ ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು ತಂದಿದ್ದರು. ಇಂಥ ಗಿರಾಕಿ ಸಿಕ್ಕಿದರೆ ಅರ್ಧ ಕೆಲಸ ಹಗುರ. ಮೊದಲನೆಯವರು ರೇಡಿಯೇಟರಿನ ಮುಚ್ಚಳ ಬದಲಿಸಿ, ಎಂಜಿನ್ ತಣಿಸುವ ದ್ರವವಾದ ಕೂಲಂಟ್ ತುಂಬಿದ್ದರು. ಎರಡನೆಯವರು, ಕೂಲಂಟ್ ರೇಡಿಯೇಟರಿಗೆ ಹೋಗುವ ದಾರಿಯನ್ನು ಬಿಸಿಗೆ ತಕ್ಕಂತೆ ತೆರೆದು ಮುಚ್ಚುವ ಥರ್ಮೋಸ್ಟಾಟನ್ನೇ ಕಿತ್ತು ತೆಗೆದು, ಇನ್ನು ಬಿಸಿಯಾಗುವ ಮಾತೇ ಇಲ್ಲವೆಂದು ಕಳುಹಿಸಿದ್ದರು. ಮೂರನೆಯವರು, ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಭಾಗಕ್ಕೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಿ ತಳ ಸಮ ಮಾಡಿಸಬೇಕು ಎಂದು 25,000 ರೂಪಾಯಿಯ ಅಂದಾಜು ಬರೆದುಕೊಟ್ಟಿದ್ದರು. ಫ್ಯಾನ್ ಪರೀಕ್ಷಿಸಿದ್ದೀರಾ ಎಂದು ಮಾಷ್ಟ್ರು ಮೂವರನ್ನೂ ಕೇಳಿದ್ದರಂತೆ. ಮೂವರೂ ಬಾನೆಟ್ ಎತ್ತಿ, ಎಸಿ ಹಾಕಿ, ಗಿರ್ರೆಂದು ತಿರುಗುವ ಫ್ಯಾನನ್ನು ತೋರಿಸಿದ್ದರು.

ಅವರನ್ನು ದೂರುವುದು ಸುಲಭ. ಆದರೆ ಗ್ಯಾರೇಜಿನಲ್ಲಿ ನಿಂತ ಕಾರು ತನ್ನ ಕಾಯಿಲೆಯನ್ನು ತೋರಿಸದಿದ್ದರೆ ಕೆಲಸಗಾರನ ಪಾಡು ಕಷ್ಟದ್ದೇ. ಗಿರಾಕಿ ಎದುರು ನಿಂತಿದ್ದಾರೆ, ಏನಾದರೂ ಮಾಡಲೇಬೇಕು. ಆಗ ಕೈ ಹೋಗುವುದು ಸುಲಭವಾಗಿ ಬದಲಿಸಬಹುದಾದ ಸಾಮಾನಿನ ಕಡೆಗೆ. ಬದಲಿಸಿ ಕಳುಹಿಸಿದ ಮೇಲೆ ಕಾರು ಎರಡು ವಾರ ಸುಮ್ಮನಿದ್ದರೆ ಅದೇ ಕಾರಣವಾಗಿತ್ತೆಂದು ಎರಡೂ ಕಡೆಯವರು ನಂಬುತ್ತಾರೆ. ಆಗಾಗ ಬಂದುಹೋಗುವ ದೋಷದಲ್ಲಿ ಎರಡು ವಾರದ ಮೌನಕ್ಕೆ ಬೆಲೆಯಿಲ್ಲ.

ಎಲ್ಲಿ, ಯಾವಾಗ

ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಮಾಷ್ಟ್ರನ್ನು ಕುಳ್ಳಿರಿಸಿ ಪ್ರಶ್ನೆ ಕೇಳಲಾಯಿತು. ಏನು ಕೆಟ್ಟಿದೆ ಎಂದಲ್ಲ. ಎಲ್ಲಿ ಬಿಸಿಯಾಯಿತು, ಆಗ ವೇಗ ಎಷ್ಟಿತ್ತು, ಎಸಿ ಹಾಕಿತ್ತೇ, ಹೊರಟು ಎಷ್ಟು ಹೊತ್ತಾಗಿತ್ತು, ಮತ್ತೆ ತಣ್ಣಗಾದದ್ದು ಹೇಗೆ. ಇಷ್ಟೇ ಮುಖ್ಯವಾದದ್ದು ಇನ್ನೊಂದು ಪ್ರಶ್ನೆ: ಎಲ್ಲಿ ಬಿಸಿಯಾಗಬೇಕಿತ್ತು, ಆದರೂ ಆಗಲಿಲ್ಲ?

ಆಗ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಗುತ್ತಿದ್ದ ಕಾಲ. ತಲಪಾಡಿಯಿಂದ ಈಚೆಗೆ ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆ, ಎಲ್ಲ ಕಡೆ ಗಾಡಿಗಳನ್ನು ಕಿರಿದಾದ ಸರ್ವೀಸ್ ರಸ್ತೆಗೆ ಇಳಿಸಿದ್ದರು. ಬಸ್ಸು, ಲಾರಿ, ಆಟೋಗಳ ನಡುವೆ ಮೊದಲ ಗೇರಿನಲ್ಲಿ ತೆವಳುವುದು ನಿತ್ಯದ ಕಥೆ. ಮಾಷ್ಟ್ರ ಕಾರು ಬಿಸಿಯಾದದ್ದೆಲ್ಲ ಅಲ್ಲೇ. ಅದೂ ಮಾರ್ಚ್ ತಿಂಗಳಿನಿಂದ ಈಚೆಗೆ, ಮಧ್ಯಾಹ್ನದ ಹೊತ್ತಿನಲ್ಲಿ, ಎಸಿ ಹಾಕಿಕೊಂಡು ಬಹಳ ಹೊತ್ತು ಸಿಕ್ಕಿಕೊಂಡಾಗ. ಆದರೆ ಸಿಕ್ಕಿಕೊಂಡಾಗೆಲ್ಲ ಹೀಗಾಗಿರಲಿಲ್ಲ. ಹತ್ತು ಹದಿನೈದು ನಿಮಿಷದಲ್ಲಿ ದಾರಿ ಬಿಟ್ಟರೆ ಏನೂ ಆಗುತ್ತಿರಲಿಲ್ಲ.

ಇದೇ ಬೇಸಿಗೆಯಲ್ಲಿ ಸುಳ್ಯದ ಮೇಲಾಗಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗಿ ಬಂದಿದ್ದರು. ಕಾರಿನಲ್ಲಿ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು. ಗೇಜಿನ ಮುಳ್ಳು ಇದ್ದಲ್ಲಿಂದ ಕದಲಿರಲಿಲ್ಲ.

ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಮಾಹಿತಿಗಳಲ್ಲಿ ಇದು ಒಂದು. ಎಂಜಿನ್ ಹುಟ್ಟಿಸುವ ಶಾಖವು ಅದು ಮಾಡುವ ಕೆಲಸಕ್ಕೆ ತಕ್ಕಂತೆ ಏರುತ್ತದೆ. ಘಾಟಿ ಹತ್ತುವಾಗ ಸುಡುವ ಪೆಟ್ರೋಲು, ನಿಂತಲ್ಲೇ ಗುರುಗುಟ್ಟುವಾಗ ಸುಡುವುದರ ಹಲವು ಪಟ್ಟು. ರೇಡಿಯೇಟರಿನ ಒಳಗೆ ಕಿಟ್ಟ ಕಟ್ಟಿದ್ದರೆ, ವಾಟರ್ ಪಂಪಿನ ರೆಕ್ಕೆ ಸವೆದಿದ್ದರೆ, ಕೆಳಗಿನ ಹೋಸ್ ಮೆತ್ತಗಾಗಿ ಪಂಪಿನ ಸೆಳೆತಕ್ಕೆ ಒಳಕ್ಕೆ ಚಪ್ಪಟೆಯಾಗುತ್ತಿದ್ದರೆ, ಬಣ್ಣ ಬಯಲಾಗುವುದು ಘಾಟಿಯಲ್ಲಿ. ನಿಂತಾಗ ಹುಟ್ಟುವ ಶಾಖ ಕಡಿಮೆ; ಆದರೆ ಓಡುವಾಗ ತಾನಾಗಿ ಒಳನುಗ್ಗುವ ಗಾಳಿಯೂ ಆಗ ಇರುವುದಿಲ್ಲ. ಹೊರಗಿನ ಗಾಳಿಯನ್ನು ಎಳೆದು ರೇಡಿಯೇಟರಿನ ಮೂಲಕ ಹಾಯಿಸುವ ಕೆಲಸ ಪೂರ್ತಿ ಫ್ಯಾನಿನ ಪಾಲಿಗೆ ಬರುತ್ತದೆ. ಓಡುವಾಗ ತಂಪು, ನಿಂತಾಗ ಬಿಸಿ ಎಂದಾದರೆ ನೀರಿನ ದಾರಿಗಿಂತ ಮೊದಲು ಗಾಳಿಯ ದಾರಿಯನ್ನು ಹಿಡಿಯಬೇಕು.

ಆದರೆ ಫ್ಯಾನ್ ತಿರುಗುತ್ತದೆಯಲ್ಲ! ಮೂವರು ನೋಡಿದ್ದಾರೆ, ನಾನೂ ಎಸಿ ಹಾಕಿ ನೋಡಿದೆ, ಜೋರಾಗಿಯೇ ತಿರುಗಿತು.

ಹಿಂದಿನ ಸೀಟಿನ ಸಾಕ್ಷಿ

ಮಾಷ್ಟ್ರ ಹೆಂಡತಿ ಅಲ್ಲಿಯವರೆಗೆ ಬೆಂಚಿನ ಮೇಲೆ ಕುಳಿತು ಸುಮ್ಮನೆ ಕೇಳುತ್ತಿದ್ದರು. ಅಕ್ಕ, ನಿಮಗೇನಾದರೂ ಬೇರೆ ಕಂಡಿತೇ ಎಂದು ಅವರನ್ನೂ ಕೇಳಿದೆ. ಡ್ರೈವರಿನ ಕಣ್ಣು ಮುಳ್ಳಿನ ಮೇಲೂ ಮುಂದಿನ ಬಸ್ಸಿನ ಮೇಲೂ ಇರುತ್ತದೆ. ಪಕ್ಕದಲ್ಲೋ ಹಿಂದೆಯೋ ಕುಳಿತವರಿಗೆ ಬೇರೆ ಸಂಗತಿಗಳು ಗೊತ್ತಾಗುತ್ತವೆ.

“ಮುಳ್ಳು ಏರುವುದು ಆಮೇಲೆ. ಅದಕ್ಕಿಂತ ಮೊದಲೇ ಎಸಿಯಲ್ಲಿ ತಣ್ಣನೆಯ ಗಾಳಿ ಬರುವುದು ನಿಲ್ಲುತ್ತದೆ. ನಾನು ಸೆಕೆಯಾಗುತ್ತದೆ ಎನ್ನುತ್ತೇನೆ, ಇವರು ಸುಮ್ಮನಿರು ಎನ್ನುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಇವರೇ ಕಾರು ಬದಿಗೆ ಹಾಕುತ್ತಾರೆ.”

ಮಾಷ್ಟ್ರು ಇದನ್ನು ಯಾವ ಗ್ಯಾರೇಜಿನಲ್ಲೂ ಹೇಳಿರಲಿಲ್ಲ. ಎಸಿಯ ಗ್ಯಾಸ್ ಕಡಿಮೆಯಾಗಿರಬೇಕು, ಅದು ಬೇರೆಯೇ ರಿಪೇರಿ ಎಂದುಕೊಂಡಿದ್ದರು.

ಅಕ್ಕ ಹೇಳಿದ ಆ ಕ್ರಮದಲ್ಲಿ ಉತ್ತರದ ಮುಕ್ಕಾಲು ಪಾಲು ಇತ್ತು. ಎಸಿಯ ಗ್ಯಾಸಿನ ಶಾಖವನ್ನು ಹೊರಹಾಕುವ ಕಂಡೆನ್ಸರ್ ಇರುವುದು ರೇಡಿಯೇಟರಿನ ಮುಂದೆ, ಅದಕ್ಕೆ ತಾಗಿದಂತೆ. ಈ ಕಾರಿನಲ್ಲಿ ಎರಡಕ್ಕೂ ಸೇರಿ ಇರುವುದು ಒಂದೇ ಫ್ಯಾನ್. ನಿಂತ ಕಾರಿನಲ್ಲಿ ಫ್ಯಾನ್ ನಿಂತರೆ ಮೊದಲು ಉಸಿರು ಕಟ್ಟುವುದು ಕಂಡೆನ್ಸರಿಗೆ. ಒಳಗಿನ ಗ್ಯಾಸಿನ ಒತ್ತಡ ಬೇಗ ಏರುತ್ತದೆ, ಮಿತಿ ಮುಟ್ಟಿದ ಕೂಡಲೇ ಒತ್ತಡದ ಸೆನ್ಸರಿನ ಸೂಚನೆಯಂತೆ ಗ್ಯಾಸನ್ನು ಒತ್ತುವ ಕಂಪ್ರೆಸರ್ ತಾನಾಗಿ ನಿಲ್ಲುತ್ತದೆ, ಕಾರಿನೊಳಕ್ಕೆ ಬೆಚ್ಚನೆಯ ಗಾಳಿ ಬರುತ್ತದೆ. ಎಂಜಿನ್ನಿನಲ್ಲೋ ಲೀಟರುಗಟ್ಟಲೆ ಕೂಲಂಟ್ ಇದೆ. ಅದು ಕಾದು ಮೇಲೇರಲು ಇನ್ನಷ್ಟು ನಿಮಿಷ ಬೇಕು. ನೀರಿನ ಓಡಾಟದಲ್ಲಿ ತೊಂದರೆಯಿದ್ದರೆ ಈ ಕ್ರಮ ತಿರುಗುಮುರುಗಾಗುತ್ತದೆ: ಮೊದಲು ಎಂಜಿನ್ ಕಾಯುತ್ತದೆ, ಆಮೇಲೆ ಎಂಜಿನ್ನನ್ನು ಉಳಿಸಲೆಂದು ಕಾರಿನ ಕಂಪ್ಯೂಟರು ಎಸಿ ಬಂದ್ ಮಾಡುತ್ತದೆ.

ಗೇಜಿನ ಬಗ್ಗೆಯೂ ಒಂದು ಮಾತು ಹೇಳಬೇಕು. ‘ಮುಳ್ಳು ಇದ್ದಕ್ಕಿದ್ದಂತೆ ಏರಿತು’ ಎಂದು ಎಲ್ಲರೂ ಹೇಳುತ್ತಾರೆ. ಈಚಿನ ಬಹುಪಾಲು ಕಾರುಗಳಲ್ಲಿ ಉಷ್ಣತೆ ಎಂಬತ್ತರ ಆಸುಪಾಸಿನಿಂದ ನೂರು ದಾಟುವವರೆಗೂ ಮುಳ್ಳು ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಸಣ್ಣ ಏರಿಳಿತಕ್ಕೆಲ್ಲ ಜನ ಗಾಬರಿಯಾಗಬಾರದೆಂಬ ಲೆಕ್ಕ. ಹೀಗಾಗಿ ಮುಳ್ಳು ಕದಲುವ ಹೊತ್ತಿಗೆ ಒಳಗಿನ ಕಥೆ ಬಹಳ ಮುಂದೆ ಹೋಗಿರುತ್ತದೆ. ಪತ್ತೆಗೆ ಈ ಮುಳ್ಳನ್ನು ನಂಬಿ ಪ್ರಯೋಜನವಿಲ್ಲ. ಆ ಕಂಪ್ಯೂಟರಿನ ಮಾಹಿತಿ ತೋರಿಸುವ ಸ್ಕ್ಯಾನರ್ ಚುಚ್ಚಿ ಡಿಗ್ರಿಯ ಅಂಕಿಯನ್ನೇ ಓದಬೇಕು.

ಮೊದಲು ಕಾರನ್ನು ಕಾರಾಗಿ ಮಾಡುವುದು

ಫ್ಯಾನಿನ ಮೇಲೆ ಇಷ್ಟೆಲ್ಲ ಅನುಮಾನ ಬಂದ ಮೇಲೂ ನೇರ ಅದಕ್ಕೆ ಕೈ ಹಾಕಲಿಲ್ಲ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ನಿನಲ್ಲಿ ಯಾವ ಉಷ್ಣತೆಯನ್ನು ಅಳೆದರೂ ಅದಕ್ಕೆ ಅರ್ಥವಿಲ್ಲ. ಮಾಷ್ಟ್ರು ಬೆಳಗ್ಗೆ ಪೆರ್ಲದಿಂದ ಬಂದು ನಿಲ್ಲಿಸಿದಾಗ ಸ್ಕ್ಯಾನರ್ ತೋರಿಸಿದ್ದು 71 ಡಿಗ್ರಿ. ಇಂಥ ಎಂಜಿನ್ ತೊಂಬತ್ತರ ಹತ್ತಿರ ಇರಬೇಕು. ತಣ್ಣಗಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಮಾಷ್ಟ್ರು ಕೇಳಿದರು. ಒಳ್ಳೆಯದಲ್ಲ. ಎಂಜಿನ್ ಇನ್ನೂ ಬಿಸಿಯಾಗಿಲ್ಲವೆಂದು ಕಂಪ್ಯೂಟರು ಪೆಟ್ರೋಲನ್ನು ಹೆಚ್ಚು ಸುರಿಯುತ್ತದೆ, ಆಯಿಲ್ ತೆಳುವಾಗುವುದಿಲ್ಲ, ಅದರಲ್ಲಿ ಸೇರಿದ ನೀರಿನಂಶ ಆವಿಯಾಗಿ ಹೋಗುವುದಿಲ್ಲ. ಮೈಲೇಜ್ ಇಳಿದಿದೆಯೆಂದು ಅವರೇ ಬೇರೆ ಸಂದರ್ಭದಲ್ಲಿ ಹೇಳಿದ್ದರು.

ಥರ್ಮೋಸ್ಟಾಟ್ ಕೀಳುವುದರಿಂದ ಬಿಸಿಯ ತೊಂದರೆ ತೀರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಕೆಲವರು ಹೊಸ ಕಾರಿಗೂ ಅದನ್ನೇ ಮಾಡಿಸಿಕೊಂಡು ಬರುತ್ತಾರೆ. ಈ ಎಂಜಿನ್ನಿನ ಥರ್ಮೋಸ್ಟಾಟಿಗೆ ಎರಡು ಬಿಲ್ಲೆಗಳಿವೆ. ಒಂದು ರೇಡಿಯೇಟರಿನ ದಾರಿ ತೆರೆಯುವಾಗ ಇನ್ನೊಂದು ಅಡ್ಡದಾರಿಯನ್ನು ಮುಚ್ಚುತ್ತದೆ. ಪೂರ್ತಿ ಕಿತ್ತರೆ ಅಡ್ಡದಾರಿ ಸದಾ ತೆರೆದೇ ಇರುತ್ತದೆ. ಕಾದ ಕೂಲಂಟಿನ ಒಂದು ಪಾಲು ರೇಡಿಯೇಟರಿನ ಮುಖ ನೋಡದೆಯೇ ಮತ್ತೆ ಎಂಜಿನ್ನಿಗೆ ಹೋಗುತ್ತದೆ. ಅಂದರೆ ಓಡುವಾಗ ಬೇಡದ ತಂಪು, ನಿಜವಾಗಿ ತಂಪು ಬೇಕಾದಾಗ ಕೊರತೆ.

82 ಡಿಗ್ರಿಗೆ ತೆರೆಯುವ ಹೊಸ ಥರ್ಮೋಸ್ಟಾಟ್ ಹಾಕಲಾಯಿತು. ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ಥರ್ಮಾಮೀಟರಿನ ಜೊತೆ ಇಳಿಬಿಟ್ಟು ಕಾಯಿಸಿ, ಅದು ತೆರೆಯುವುದನ್ನು ಮಾಷ್ಟ್ರಿಗೂ ತೋರಿಸಿದೆ. ವ್ಯವಸ್ಥೆಯಲ್ಲಿದ್ದ ಕೂಲಂಟ್ ಹೆಸರಿಗಷ್ಟೇ ಹಸಿರಾಗಿತ್ತು. ಬಿಸಿಯಾದಾಗೆಲ್ಲ ಮಾಷ್ಟ್ರು ಮನೆಯ ಸುರಂಗದ ನೀರನ್ನು ಬಾಟಲಿಯಲ್ಲಿ ತಂದು ತುಂಬಿದ್ದರು. ಗುಡ್ಡದ ಮುರಕಲ್ಲು ಕೊರೆದು ತೆಗೆದ ಸುರಂಗದ ನೀರು ಕುಡಿಯಲು ಸೊಗಸು. ನಮ್ಮ ಎಣ್ಮಕಜೆ, ಬದಿಯಡ್ಕ ಕಡೆಯ ಎಷ್ಟೋ ತೋಟಗಳು ಅದರಿಂದಲೇ ಬದುಕಿವೆ. ಆದರೆ ನೀರು ಎಷ್ಟೇ ತಿಳಿಯಾಗಿರಲಿ, ಅಲ್ಯೂಮಿನಿಯಂ ಹೆಡ್ ಸವೆಯದಂತೆ ತಡೆಯುವ ರಾಸಾಯನಿಕ ಅದರಲ್ಲಿಲ್ಲ, ಕುದಿಯುವ ಬಿಂದುವನ್ನು ಮೇಲೆತ್ತುವ ಗ್ಲೈಕಾಲೂ ಇಲ್ಲ. ಎಲ್ಲ ಬಸಿದು, ತೊಳೆದು, ಕೂಲಂಟ್ ಮತ್ತು ಬಟ್ಟಿ ಇಳಿಸಿದ ನೀರನ್ನು ಸಮಸಮ ಬೆರೆಸಿ ತುಂಬಲಾಯಿತು. ತುಂಬುವಾಗ ಕಾರಿನ ಮುಖ ಇಳಿಜಾರಿನ ಮೇಲ್ಗಡೆಗಿರಬೇಕು, ಒಳಗಿನ ಹೀಟರಿನ ಗುಂಡಿ ಪೂರ್ತಿ ಬಿಸಿಯ ಕಡೆಗಿರಬೇಕು. ಇಲ್ಲದಿದ್ದರೆ ಗಾಳಿಗುಳ್ಳೆ ಸಿಕ್ಕಿಕೊಂಡು, ಅದೇ ಹೊಸದೊಂದು ‘ಆಗಾಗಿನ’ ಬಿಸಿಗೆ ಕಾರಣವಾಗುತ್ತದೆ.

ಹೆಡ್ ಗ್ಯಾಸ್ಕೆಟಿನ ಆರೋಪಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ತಣ್ಣಗಿದ್ದಾಗ ಕೂಲಂಟಿನ ವ್ಯವಸ್ಥೆಗೆ ಒತ್ತಡದ ಪಂಪಿನಿಂದ 1 ಬಾರ್ ಏರಿಸಿ ಬಿಟ್ಟರೆ ಪಂಪಿನ ಮುಳ್ಳು ಇಳಿಯಲಿಲ್ಲ. ದಹನದ ಅನಿಲ ಕೂಲಂಟಿಗೆ ನುಸುಳಿದರೆ ನೀಲಿಯಿಂದ ಹಳದಿಗೆ ತಿರುಗುವ ಪರೀಕ್ಷಾ ದ್ರವ ನೀಲಿಯಾಗಿಯೇ ಉಳಿಯಿತು. ಆಯಿಲ್ ಕಡ್ಡಿಯಲ್ಲಿ ಹಾಲಿನ ಬಣ್ಣವಿಲ್ಲ, ಸೈಲೆನ್ಸರಿನಲ್ಲಿ ಬಿಳಿಹೊಗೆಯಿಲ್ಲ. ಸಂಪಾಜೆ ಘಾಟಿಯ ಸಾಕ್ಷಿಯೂ ಅದರ ವಿರುದ್ಧವೇ ಇತ್ತು. ಗ್ಯಾಸ್ಕೆಟ್ ಉಳಿದದ್ದಕ್ಕೆ ಮಾಷ್ಟ್ರ ಎಚ್ಚರವೇ ಕಾರಣ. ಮುಳ್ಳು ಏರಿದೊಡನೆ ಅವರು ಎಸಿ ಆರಿಸಿ, ಕಾರನ್ನು ಬದಿಗೆ ಹಾಕಿ ಬಂದ್ ಮಾಡುತ್ತಿದ್ದರು. ಇನ್ನೊಂದು ಕಿಲೋಮೀಟರ್ ಹೋಗಿಬಿಡೋಣ ಎನ್ನುವವರ ಹೆಡ್ಡೇ ಬಾಗುವುದು. ಬಿಸಿಯಿದ್ದಾಗ ಮುಚ್ಚಳವನ್ನು ತೆಗೆಯುವ ಸಾಹಸವನ್ನೂ ಅವರು ಮಾಡಿರಲಿಲ್ಲ.

ಅಂಗಳದಲ್ಲಿ ಸರ್ವೀಸ್ ರಸ್ತೆ

ಈಗ ಕಾರು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಹತ್ತಿರವಾಯಿತು. ಉಳಿದದ್ದು, ಕಾಯಿಲೆಯನ್ನು ಕಣ್ಣೆದುರು ಬರಿಸುವುದು. ರೇಡಿಯೇಟರ್, ಕಂಡೆನ್ಸರುಗಳ ನಡುವೆ ಕೆಂಪು ಧೂಳು ಸ್ವಲ್ಪ ಕೂತಿತ್ತು. ಸಹಾಯಕ ಹುಡುಗ ಪೈಪು ಹಿಡಿದು ತೊಳೆಯಲು ಹೊರಟಿದ್ದ, ತಡೆದೆ. ದೋಷ ಕಾಣುವ ಮೊದಲೇ ಎಲ್ಲವನ್ನೂ ಒಪ್ಪ ಮಾಡಿಬಿಟ್ಟರೆ ಯಾವುದರಿಂದ ಏನಾಯಿತೆಂದು ಆಮೇಲೆ ಹೇಳಲಾಗುವುದಿಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ, ಗಾಳಿಗೆ ಬೆನ್ನು ಮಾಡಿ, ಬಾನೆಟ್ ಮುಚ್ಚಿ ಕಾರನ್ನು ಅಂಗಳದಲ್ಲಿ ನಿಲ್ಲಿಸಿದೆವು. ಬಾನೆಟ್ ಮುಚ್ಚುವುದು ಮುಖ್ಯ: ತೆರೆದಿಟ್ಟರೆ ಬಿಸಿಗಾಳಿ ಮೇಲಕ್ಕೆ ಹೋಗಿ ತೊಂದರೆ ಅಡಗುತ್ತದೆ. ಎಸಿ ಪೂರ್ತಿ, ಎಂಜಿನ್ ನಿಮಿಷಕ್ಕೆ 1500 ಸುತ್ತು. ಎಸಿಯ ಕಿಂಡಿಯಲ್ಲಿ ಒಂದು ಥರ್ಮಾಮೀಟರ್, ಡ್ಯಾಶಿನ ಕೆಳಗೆ ಸ್ಕ್ಯಾನರ್, ಬ್ಯಾಟರಿಯ ಮೇಲೆ ಮಲ್ಟಿಮೀಟರ್. ಫ್ಯಾನಿನ ವೈರಿಗೆ, ಏನನ್ನೂ ಬಿಚ್ಚದೆ ಕರೆಂಟು ಅಳೆಯುವ ಡಿಸಿ ಕ್ಲಾಂಪ್ ಮೀಟರ್ ತೊಡಿಸಿದ್ದೆ. ಅದರ ವೈರೂ ಒಳಗೆ ಬಂದಿತ್ತು.

ಮೊದಲು ಎಲ್ಲ ಸರಿಯಿತ್ತು. ಫ್ಯಾನಿನ ಕರೆಂಟು 11 ಆಂಪಿಯರ್, ಕಿಂಡಿಯಲ್ಲಿ 9 ಡಿಗ್ರಿ, ಎಂಜಿನ್ 94. ಸುಮಾರು ಕಾಲು ಗಂಟೆ ಕಳೆದ ಮೇಲೆ ಕಿವಿಗೆ ಮೊದಲು ಗೊತ್ತಾಯಿತು, ಫ್ಯಾನಿನ ಸದ್ದು ಒಂದು ಸ್ವರ ಇಳಿದಿತ್ತು. ಕರೆಂಟು 9.5. ಇನ್ನೂ ಕೆಲವು ನಿಮಿಷಕ್ಕೆ ಸದ್ದು ಕುಸಿದು ಕುಸಿದು ನಿಂತೇಹೋಯಿತು. ಕಂಪ್ರೆಸರಿನ ಕ್ಲಚ್ಚು ಟಿಕ್ ಟಿಕ್ ಎಂದು ಬಿಟ್ಟು ಬಿಟ್ಟು ಹಿಡಿಯತೊಡಗಿತು. ಕಿಂಡಿಯ ಗಾಳಿ 14, 18, 22. ಎಂಜಿನ್ 99, 103, 106. ಗೇಜಿನ ಮುಳ್ಳು ಮಾತ್ರ ಇನ್ನೂ ನಡುವೆಯೇ ಇತ್ತು. ಅಕ್ಕ ಹೇಳಿದ್ದ ಕ್ರಮವೇ.

ಸ್ಕ್ಯಾನರಿನಲ್ಲಿ ಫ್ಯಾನಿನ ಸಾಲು ನೋಡಿದರೆ ‘ಆನ್’ ಎಂದಿದೆ. ಕಂಪ್ಯೂಟರು ಆಜ್ಞೆ ಕೊಟ್ಟಾಗಿದೆ, ಆ ಆಜ್ಞೆಯಂತೆ ಫ್ಯಾನಿಗೆ ಕರೆಂಟು ಬಿಡುವ ಸ್ವಿಚ್ಚಾದ ರಿಲೇಯೂ ಹಿಡಿದಿದೆ, ಫ್ಯಾನ್ ಮಾತ್ರ ನಿಂತಿದೆ. ಹೀಗಾಗಿ ಕಾರಿನ ನೆನಪಿನಲ್ಲಿ ಒಂದು ಫಾಲ್ಟ್ ಕೋಡೂ ದಾಖಲಾಗಿರಲಿಲ್ಲ. ಈ ಕಾರಿನಲ್ಲಿ ಕಂಪ್ಯೂಟರು ಗಮನಿಸುವುದು ರಿಲೇಯ ಸುರುಳಿಯನ್ನು ಮಾತ್ರ. ಅದರಿಂದಾಚೆ ಫ್ಯಾನ್ ತಿರುಗಿತೋ ಇಲ್ಲವೋ ಎಂದು ತಿಳಿಯುವ ದಾರಿ ಅದಕ್ಕಿಲ್ಲ.

ಇಲ್ಲಿ ಅವಸರಪಟ್ಟರೆ ಕೈಗೆ ಬಂದದ್ದು ತಪ್ಪಿಹೋಗುತ್ತದೆ. ಸಾಮಾನ್ಯವಾಗಿ ಮಾಡುವುದೇನು? ಫ್ಯಾನಿನ ಕನೆಕ್ಟರ್ ಎಳೆದು ಬಿಚ್ಚಿ, ಪಿನ್ನುಗಳಿಗೆ ಮಲ್ಟಿಮೀಟರ್ ಹಿಡಿಯುವುದು. 13 ವೋಲ್ಟಿನ ಮೇಲೆ ತೋರಿಸುತ್ತದೆ. ಕರೆಂಟು ಬರುತ್ತಿದೆ, ಫ್ಯಾನ್ ತಿರುಗುತ್ತಿಲ್ಲ, ಆದ್ದರಿಂದ ಮೋಟಾರು ಹೋಗಿದೆ ಎಂದು ತೀರ್ಪು. ಮಲ್ಟಿಮೀಟರ್ ತಾನು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ತಾಮ್ರದ ಒಂದೇ ಒಂದು ಎಳೆ ತಾಗಿಕೊಂಡಿದ್ದರೂ ಅದು ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಅದೇ ಜಾಗಕ್ಕೆ ಹಳೆಯ ಹೆಡ್‌ಲೈಟ್ ಬಲ್ಬೊಂದನ್ನು ಹಚ್ಚಿದರೆ ನಿಜ ಹೊರಬೀಳುತ್ತದೆ. 55 ವ್ಯಾಟಿನ ಬಲ್ಬು ನಾಲ್ಕೂವರೆ ಆಂಪಿಯರ್ ಕೇಳುತ್ತದೆ, ಸಿಗದಿದ್ದರೆ ಮಂಕಾಗುತ್ತದೆ. ಇನ್ನೊಂದು ಅಪಾಯವೂ ಇದೆ. ಕನೆಕ್ಟರನ್ನು ಅಲುಗಿಸಿದರೆ ಬಿಟ್ಟುಹೋದದ್ದು ಮತ್ತೆ ತಾಗಿಕೊಂಡು ಫ್ಯಾನ್ ತಿರುಗಿಬಿಡುತ್ತದೆ, ಆಮೇಲೆ ಮತ್ತೆ ಮೊದಲಿನಿಂದ ಕಾಯಬೇಕು.

ಹಾಗಾಗಿ ಏನನ್ನೂ ಬಿಚ್ಚದೆ, ಸೂಜಿಯಷ್ಟು ಸಪುರದ ತುದಿಯನ್ನು ಕನೆಕ್ಟರಿನ ಹಿಂಬದಿಯಿಂದ ಸೇರಿಸಿ ಅಳೆದೆ. ಮೀಟರಿನ ಒಂದು ತಂತಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಫ್ಯೂಸ್, ರಿಲೇ ದಾಟಿ ಕನೆಕ್ಟರಿನವರೆಗೆ ಬಂದ ವೈರಿನ ತಾಮ್ರಕ್ಕೆ: ನಡುವೆ ಕಳೆದುಹೋದದ್ದು 0.2 ವೋಲ್ಟ್. ಸರಿಯಾಗಿದೆ. ಅರ್ತಿನ ಕಡೆ, ಮೋಟಾರಿನ ಮೈನಸ್ಸಿನಿಂದ ಬ್ಯಾಟರಿಯ ಮೈನಸ್ಸಿಗೆ: 0.1. ಅದೂ ಸರಿ. ಕೊನೆಗೆ ಬ್ಯಾಟರಿಯ ಪ್ಲಸ್ಸಿನಿಂದ ಕನೆಕ್ಟರ್ ದಾಟಿ ಮೋಟಾರಿನ ಪಿನ್ನಿಗೆ ಹಿಡಿದಾಗ ಮೀಟರ್ 13ರ ಮೇಲೆ ಜಿಗಿಯಿತು. ಬ್ಯಾಟರಿ ಕೊಟ್ಟ ವೋಲ್ಟೇಜೆಲ್ಲ ಆ ಅರ್ಧ ಇಂಚಿನೊಳಗೆ ಖರ್ಚಾಗುತ್ತಿತ್ತು.

ಅರ್ಧ ಇಂಚು

ಎಂಜಿನ್ ಆರಿಸಿ ತಣ್ಣಗಾದ ಮೇಲೆ ಕನೆಕ್ಟರ್ ಬಿಚ್ಚಿದೆವು. ಹೊರಗಿನಿಂದ ನೋಡಿದರೆ ದೂರುವಂಥದ್ದು ಏನೂ ಇಲ್ಲ, ಕಪ್ಪು ಪ್ಲಾಸ್ಟಿಕ್ಕು. ಒಳಗೆ ಪ್ಲಸ್ಸಿನ ಗೂಡಿನ ಸುತ್ತ ಪ್ಲಾಸ್ಟಿಕ್ ಬೂದುಬಣ್ಣಕ್ಕೆ ತಿರುಗಿ, ಉಗುರು ತಾಗಿಸಿದರೆ ಪುಡಿಯಾಗುತ್ತಿತ್ತು. ವೈರು ಒಳಹೋಗುವ ತೂತಿನಲ್ಲಿ ಇರಬೇಕಾದ ರಬ್ಬರಿನ ಬಿರಡೆಯೇ ಇಲ್ಲ. ವೈರನ್ನು ಎಳೆದಾಗ ಅದು ತನ್ನ ತಗಡಿನ ಹಿಡಿಯಿಂದ ಸಲೀಸಾಗಿ ಕಳಚಿ ಬಂತು. ತುದಿಯ ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು. ರಬ್ಬರ್ ಹೊದಿಕೆಯನ್ನು ಸೀಳಿದರೆ ಕಿಲುಬು ಬೆರಳುದ್ದ ಒಳಗಿನವರೆಗೂ ಹೋಗಿತ್ತು.

ಹಿಂದೊಮ್ಮೆ ಮುಂಭಾಗಕ್ಕೆ ಏನಾದರೂ ಪೆಟ್ಟಾಗಿತ್ತೇ ಎಂದು ಕೇಳಿದೆ. ಆಗಿತ್ತು: ಎರಡು ಮಳೆಗಾಲದ ಹಿಂದೆ ಒಂದು ಪಿಕಪ್ ಹಿಂದಕ್ಕೆ ಬಂದು ಬಂಪರಿಗೆ ಗುದ್ದಿ, ಫ್ಯಾನಿನ ಚೌಕಟ್ಟು ಬದಲಿಸಬೇಕಾಗಿ ಬಂದಿತ್ತು. ಬಿರಡೆ ಬಿದ್ದುಹೋದದ್ದು ಆಗಲೇ ಇರಬೇಕು. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರು ಇದು. ಕಾರಿನ ಮೂಗಿನ ಕೆಳಗಿರುವ ಕನೆಕ್ಟರಿಗೆ ಜೂನಿನಿಂದ ಸೆಪ್ಟೆಂಬರಿನವರೆಗೆ ದಿನಾ ಸ್ನಾನ.

ಇನ್ನು, ಇದು ಕೆಲವೊಮ್ಮೆ ಮಾತ್ರ ಏಕೆ ಕೈಕೊಡುತ್ತಿತ್ತು ಎಂಬುದು ಸರಳ ಗಣಿತ. ಕಿಲುಬು ಹಿಡಿದ ಹಿಡಿ ತಣ್ಣಗಿದ್ದಾಗ ಹೇಗೋ ಕರೆಂಟು ದಾಟಿಸುತ್ತದೆ. ಫ್ಯಾನ್ ಸದ್ದು ಇಳಿಸಿದ ಹೊತ್ತಿಗೆ ಅಲ್ಲಿ ಹರಿಯುತ್ತಿದ್ದದ್ದು 9.5 ಆಂಪಿಯರ್, ಆ ಜಾಗದಲ್ಲಿ 2.6 ವೋಲ್ಟ್ ಬಿದ್ದರೂ ಗುಣಿಸಿದರೆ ಸುಮಾರು 25 ವ್ಯಾಟ್. ರೇಡಿಯೋ ರಿಪೇರಿ ಮಾಡುವವರ ಸೋಲ್ಡರಿಂಗ್ ಐರನ್ ಅಷ್ಟೇ ಶಕ್ತಿಯದ್ದು. ಅಂಥದ್ದೊಂದನ್ನು ಹಚ್ಚಿ ಕನೆಕ್ಟರಿನೊಳಗೆ ಇಟ್ಟಂತೆ. ಬಿಸಿಗೆ ತಗಡು ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ, ರೋಧ ಇನ್ನೂ ಏರುತ್ತದೆ, ಮತ್ತಷ್ಟು ಬಿಸಿ. ಫ್ಯಾನ್ ನಿಂತ ಮೇಲೂ ರಿಲೇ ಹಿಡಿದೇ ಇರುವುದರಿಂದ ಸ್ವಲ್ಪ ಕರೆಂಟು ಹರಿಯುತ್ತಲೇ ಇದ್ದು ಆ ಜಾಗ ತಣ್ಣಗಾಗಲು ಬಿಡುವುದಿಲ್ಲ. ಮಾಷ್ಟ್ರು ಕಾರು ಬಂದ್ ಮಾಡಿ ಅರ್ಧ ಗಂಟೆ ಕಾದು ಮತ್ತೆ ಸ್ಟಾರ್ಟ್ ಮಾಡುವಾಗ ಎಲ್ಲ ಮೊದಲಿನಂತೆ. ಗ್ಯಾರೇಜಿನಲ್ಲಿ ಎರಡು ನಿಮಿಷ ಫ್ಯಾನ್ ತಿರುಗಿಸಿ ನೋಡಿದವರಿಗೆ ಇದು ಕಾಣಿಸುವುದಾದರೂ ಹೇಗೆ? ಫ್ಯೂಸ್ ಹಾರದಿದ್ದಕ್ಕೂ ಇದೇ ಕಾರಣ. ಫ್ಯೂಸ್ ಹಾರುವುದು ಕರೆಂಟು ಹೆಚ್ಚಾದಾಗ. ಇಲ್ಲಿ ಅದು ಕಡಿಮೆಯಾಗುತ್ತಿತ್ತು.

ಮಳೆಗಾಲದಲ್ಲೂ ಚಳಿಗಾಲದಲ್ಲೂ ಫ್ಯಾನ್ ಅಷ್ಟು ಹೊತ್ತು ಒಂದೇ ಸಮನೆ ತಿರುಗುವ ಪ್ರಸಂಗ ಬಂದಿರಲಿಲ್ಲ. ಮಾರ್ಚಿನ ಬಿಸಿಲು, ಎಸಿ, ಸರ್ವೀಸ್ ರಸ್ತೆ, ಈ ಮೂರೂ ಕೂಡಿದಾಗ ಮಾತ್ರ ಬಂತು.

ರಿಪೇರಿಯ ವಿವರ ಸಣ್ಣದು. ಕಿಲುಬು ಹಿಡಿದ ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ವೈರು ಇರುವ ಹೊಸ ಕನೆಕ್ಟರನ್ನು ಕ್ರಿಂಪ್ ಮಾಡಿ, ಎಂದರೆ ತಗಡಿನ ಹಿಡಿಯಿಂದ ಬಿಗಿಯಾಗಿ ಒತ್ತಿ ಸೇರಿಸಿ, ಒಳಮೈಗೆ ಅಂಟು ಬಳಿದಿರುವ, ಬಿಸಿ ತಾಗಿದರೆ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹೊದಿಸಲಾಯಿತು. ಬಿರಡೆಗಳನ್ನು ಮರೆಯದೆ ಹಾಕಿದೆವು. ಮೋಟಾರಿನ ಪಿನ್ನು ಕಪ್ಪಾಗಿದ್ದರೂ ಗಟ್ಟಿಯಿತ್ತು, ಉಜ್ಜಿ ಶುಚಿ ಮಾಡಿದ್ದಾಯಿತು. ವೈರು ತಿರುಚಿ ಟೇಪು ಸುತ್ತುವ ಪದ್ಧತಿ ನಮ್ಮ ಹವೆಯಲ್ಲಿ ಒಂದು ಮಳೆಗಾಲಕ್ಕೂ ಬಾಳುವುದಿಲ್ಲ. ಮೋಟಾರು ಬಿಗಿಯಾಗಿ ಹೆಚ್ಚು ಕರೆಂಟು ಎಳೆಯುತ್ತಿದ್ದರೆ ಹೊಸ ಕನೆಕ್ಟರೂ ಸುಟ್ಟುಹೋಗುತ್ತದೆ. ಅದಕ್ಕೆ ಮತ್ತೆ ಕ್ಲಾಂಪ್ ಮೀಟರ್ ಹಾಕಿದೆ. 11.5 ಆಂಪಿಯರ್, ಏರಿಳಿತವಿಲ್ಲ, ಕೈಯಿಂದ ತಿರುಗಿಸಿದರೆ ಒರಟಿಲ್ಲ. ಮೋಟಾರು ನಿರ್ದೋಷಿ. ಆಮೇಲೆ ಅದೇ ಹೊತ್ತಿನ ಬಿಸಿಲಿನಲ್ಲಿ, ಅದೇ ಅಂಗಳದಲ್ಲಿ, ಮೊದಲಿಗಿಂತ ಎರಡು ಪಟ್ಟು ಹೊತ್ತು ಎಸಿ ಹಾಕಿ ನಿಲ್ಲಿಸಿದ್ದಾಯಿತು. ಕನೆಕ್ಟರಿನಲ್ಲಿ ಬೀಳುವ ವೋಲ್ಟೇಜು 0.1, ಎಂಜಿನ್ 92ರಿಂದ 97ರ ನಡುವೆ, ಕಿಂಡಿಯ ಗಾಳಿ ತಣ್ಣಗೆ. ಹುಡುಗನ ಕೈಗೆ ಪೈಪು ಕೊಟ್ಟದ್ದು ಇದಾದ ನಂತರ.

ಕಾರು ಒಯ್ಯಲು ಬಂದಾಗ ಮಾಷ್ಟ್ರ ಅಣ್ಣನ ಮಗ ಜೊತೆಗಿದ್ದ. ಇಷ್ಟೆಲ್ಲ ಮಾಡುವ ಬದಲು ಫ್ಯಾನಿಗೆ ಬ್ಯಾಟರಿಯಿಂದ ನೇರ ವೈರು ಎಳೆದು ಡ್ಯಾಶಿನಲ್ಲೊಂದು ಸ್ವಿಚ್ ಕೊಟ್ಟಿದ್ದರೆ ಸಾಕಿತ್ತಲ್ಲ, ತನ್ನ ಜೀಪಿಗೆ ಹಾಗೇ ಮಾಡಿಸಿದ್ದೇನೆ ಎಂದ. ಮಾತು ಪೂರ್ತಿ ತಪ್ಪಲ್ಲ. ಹೊಸ ವೈರು ಈ ಕನೆಕ್ಟರನ್ನು ಬಿಟ್ಟು ಬೇರೆ ದಾರಿಯಲ್ಲಿ ಹೋಗಿದ್ದರೆ ತೊಂದರೆ ಮುಗಿದೇಹೋಗುತ್ತಿತ್ತು, ಏನು ಕೆಟ್ಟಿತ್ತೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದೇ ಕನೆಕ್ಟರಿನ ಮೂಲಕ ಹೋಗಿದ್ದರೆ ಸ್ವಿಚ್ ಹಾಕಿಟ್ಟು ನಿಶ್ಚಿಂತೆಯಿಂದ ಕುಂಬಳೆಯ ಸಾಲಿನಲ್ಲಿ ನಿಂತಿರುವಾಗಲೇ ಹೆಡ್ ಬಾಗುತ್ತಿತ್ತು. ಕಾಡಿನ ನಡುವೆ ರಿಲೇ ಹೋದರೆ ಮನೆ ಸೇರಲು ನಾನೂ ಹಾಗೇ ಮಾಡುತ್ತೇನೆ. ಮನೆ ಸೇರಿದ ಮೇಲೆ ತೆಗೆಯುತ್ತೇನೆ.

ಮುಂದಿನ ಏಪ್ರಿಲಿನಲ್ಲಿ ಆಯಿಲ್ ಬದಲಿಸಲು ಬಂದಾಗ ಮತ್ತೊಮ್ಮೆ ಕನೆಕ್ಟರಿನ ವೋಲ್ಟೇಜು ಅಳೆದೆ, ಅಂಕಿ ಬದಲಾಗಿರಲಿಲ್ಲ. ಅಷ್ಟರಲ್ಲಿ ಮಾಷ್ಟ್ರು ಉಪ್ಪಳದ ಸಾಲಿನಲ್ಲಿ ಎಸಿ ಹಾಕಿಕೊಂಡು ಮುಕ್ಕಾಲು ಗಂಟೆ ನಿಂತು ಬಂದಿದ್ದರು. ಥರ್ಮೋಸ್ಟಾಟ್ ಬಂದ ಮೇಲೆ ಮೈಲೇಜೂ ಹಿಂದಿನ ಲೆಕ್ಕಕ್ಕೆ ಬಂದಿದೆಯೆಂದು ಪೆಟ್ರೋಲಿನ ಚೀಟಿಗಳನ್ನು ತೋರಿಸಿದರು. ನಮ್ಮ ಬಿಲ್ಲಿನ ಬಗ್ಗೆ ಅವರಿಗೆ ಒಂದೇ ತಕರಾರು: ದೋಷವಿದ್ದದ್ದು ಕನೆಕ್ಟರಿನಲ್ಲಿ, ಅದಕ್ಕೆ ಹಿಡಿದದ್ದು ಕೆಲವು ನೂರು ರೂಪಾಯಿ; ದೊಡ್ಡ ಮೊತ್ತವೆಲ್ಲ ಥರ್ಮೋಸ್ಟಾಟ್, ಕೂಲಂಟ್ ಮತ್ತು ‘ಪರಿಶೀಲನೆ’ಗೆ. ಮೊದಲೆರಡು ಹಿಂದಿನ ರಿಪೇರಿಯ ರಿಪೇರಿ ಎಂದೆ. ಅಕ್ಕ ನಕ್ಕು, ಪರಿಶೀಲನೆಯ ದುಡ್ಡಿನಲ್ಲಿ ತನಗೂ ಒಂದು ಪಾಲು ಬರಬೇಕು ಎಂದರು.